ಎಲ್ಲೆ ದಾಟಿದವು

ಹೊರಗೆ ಹೋದವೆಲ್ಲ ಎಲ್ಲಿವೆ ಎಂದು ರೇವಣಸಿದ್ದಪ್ಪ ಮೇಷ್ಟ್ರು ಕೇಳಿದ್ದರು. ಸಂದೇಶದ ಮೊದಲ ಸಾಲೇ ಅದು. ಭಾನುವಾರ ಬೆಳಿಗ್ಗೆ ಹಿತ್ತಲ ಕಲ್ಲಿನ ಮೇಲೆ ಕೂತು ಹಲ್ಲುಜ್ಜುತ್ತ ಫೋನು ನೋಡಿದ ಚಿತ್ರಾ ಬಾಯಲ್ಲಿದ್ದ ನೊರೆ ಉಗುಳುವುದನ್ನೂ ಮರೆತಳು. ಅವಳ ಪಿಎಚ್‌ಡಿ ಮುಗಿದು ಐದು ವರ್ಷವಾಯಿತು, ಮೇಷ್ಟ್ರು ನಿವೃತ್ತರಾಗಿ ಮೂರಾಯಿತು, ಆದರೂ ಆ ಮನುಷ್ಯ ಶಿಷ್ಯೆ ಬರೆದದ್ದನ್ನು ಅಕ್ಕಿ ಆರಿಸಿದ ಹಾಗೆ ಆರಿಸುವುದು ಬಿಟ್ಟಿಲ್ಲ. ಆರಿಸಿದರೆ ಕಲ್ಲು ಸಿಗದೆ ಇರುವುದೂ ಇಲ್ಲ. ಪ್ರಶ್ನೆಯ ಕೆಳಗೆ ಹೊಸ ದೂರದರ್ಶಕವೊಂದು ತೆಗೆದ ಚಿತ್ರವಿತ್ತು. ಅವಳು ಎಂಟು ವರ್ಷದಿಂದ ಲೆಕ್ಕ ಹಾಕುತ್ತಿರುವಂಥದೇ ಒಂದು ನಕ್ಷತ್ರಗುಚ್ಛ. ನಡುವೆ ಒತ್ತಾಗಿ, ಅಂಚಿಗೆ ಬರಬರುತ್ತ ಬಿಡಿಬಿಡಿಯಾಗಿ, ಹಿಡಿ ಸಜ್ಜೆ ನೆಲಕ್ಕೆ ಚೆಲ್ಲಿದಂತೆ. ಅಷ್ಟಾದರೆ ಸರಿ. ಗುಚ್ಛದ ಮುಂದಕ್ಕೂ ಹಿಂದಕ್ಕೂ ಮಾಸಲು ಗೆರೆಯೊಂದು ಆಕಾಶದ ತುಂಬ ಉದ್ದಕ್ಕೆ ಎಳೆದುಕೊಂಡು ಹೋಗಿತ್ತು. ಗುಚ್ಛದಿಂದ ಬಿಡಿಸಿಕೊಂಡ ನಕ್ಷತ್ರಗಳು ಅವು. ಬಿಡಿಸಿಕೊಂಡರೂ ಬೇರೆ ಕಡೆ ಹೋಗಿಲ್ಲ, ಗುಚ್ಛ ಹೋಗುವ ದಾರಿಯಲ್ಲೇ ಕೆಲವು ಮುಂದೆ, ಕೆಲವು ಹಿಂದೆ, ಕೋಟ್ಯಂತರ ವರ್ಷದಿಂದ ಜೊತೆಗೇ ಹೋಗುತ್ತಿವೆ. ನಿನ್ನ ಲೆಕ್ಕದಲ್ಲಿ ಈ ಬಾಲ ಕಾಣುವುದೇ ಇಲ್ಲವಲ್ಲ, ಎಲ್ಲಿವೆ ಅವು?

ಎಲ್ಲಿಯೂ ಇಲ್ಲ. ಅವಳೇ ತೆಗೆದುಹಾಕಿದ್ದಳು. ಹೆಸರು ಮಾತ್ರ ಕೇಳಿರುವ, ಕಣ್ಣಿನಿಂದ ಒಮ್ಮೆಯೂ ನೋಡಿರದ ಯಾವುದೋ ದೂರದ ಕಟ್ಟಡದಲ್ಲಿ ಸಾವಿರಾರು ಗಣಕಗಳನ್ನು ಒಂದಾಗಿ ಹೆಣೆದ ಸೂಪರ್‌ಕಂಪ್ಯೂಟರು ಇದೆ. ಅಲ್ಲಿ ಅವಳ ಒಂದು ಲಕ್ಷದ ಮೂವತ್ತೊಂದು ಸಾವಿರದ ಎಪ್ಪತ್ತೆರಡು ನಕ್ಷತ್ರಗಳು ಒಂದನ್ನೊಂದು ಎಳೆಯುತ್ತ ಹಗಲೂ ರಾತ್ರಿ ಸುತ್ತುತ್ತಿವೆ. ವಾರಕ್ಕೆ ಇನ್ನೂರು ಕೋಟಿ ವರ್ಷ. ತಾಳ್ಯದಾಚೆಯ ಈ ಹಟ್ಟಿಯಲ್ಲಿ, ಬೇವಿನ ಮರದ ಬುಡದಲ್ಲಿ ಮಾತ್ರ ಸಿಗುವ ಸಿಗ್ನಲ್ಲಿನಲ್ಲಿ, ಅವಳು ಲ್ಯಾಪ್‌ಟಾಪಿನ ಕಪ್ಪು ಪರದೆಯ ಮೇಲೆ ಅವು ಎಲ್ಲಿಗೆ ಬಂದವೆಂದು ನೋಡುತ್ತಾಳೆ. ಮೊದಲ ವರ್ಷ ಎಲ್ಲ ನಿಧಾನವಾಗಿ ಓಡುತ್ತಿತ್ತು. ಗುಚ್ಛ ಬಿಟ್ಟು ದೂರ ಹೋದ ನಕ್ಷತ್ರದ ಮೇಲೆ ಯಂತ್ರದ ಸಮಯ ಯಾಕೆ ದಂಡ ಮಾಡಬೇಕು ಎಂದು ಅವಳೇ ಒಂದು ಸಾಲು ಬರೆದು ಸೇರಿಸಿದ್ದಳು. ಇಷ್ಟು ದೂರದ ಎಲ್ಲೆ ದಾಟಿದ್ದನ್ನು ಪಟ್ಟಿಯಿಂದ ತೆಗೆ. ಯಂತ್ರ ಗರಿಬಿಚ್ಚಿ ಓಡಿತು. ಆಗ ಮೇಷ್ಟ್ರೂ ಬೆನ್ನು ತಟ್ಟಿದ್ದರು, ಅದನ್ನು ಈಗ ಅವರಿಗೆ ನೆನಪಿಸುವ ಧೈರ್ಯ ಯಾರಿಗಿದೆ? ಗಣಕ ಕೇಂದ್ರದವರು ಕೊಟ್ಟ ಸಮಯದಲ್ಲಿ ಉಳಿದಿರುವುದು ಹತ್ತೇ ದಿನ. ಈಗ ಓಡುತ್ತಿರುವುದು ಮುಗಿಯಲು ಆರು ದಿನ ಸಾಕು. ಮುಗಿದರೆ ಪ್ರಬಂಧ, ಪ್ರಬಂಧವಿದ್ದರೆ ಎರಡು ತಿಂಗಳ ಮೇಲಿನ ಸಂದರ್ಶನದಲ್ಲಿ ಹೊಳಲ್ಕೆರೆ ಕಾಲೇಜಿನ ಅತಿಥಿ ಉಪನ್ಯಾಸಕಿ ಎಂಬ ಹಣೆಪಟ್ಟಿ ಕಳಚಬಹುದು. ನಿಲ್ಲಿಸಿ ಮೊದಲಿಂದ ಹೊರಟರೆ ಕಾಲು ಭಾಗ ದಾರಿಯೂ ಸಾಗದು, ಮತ್ತೆ ಮುಂದಿನ ವರ್ಷದ ಸರದಿ ಕಾಯಬೇಕು. ಎರಡರಲ್ಲಿ ಯಾವುದು ಎಂದು ಇವತ್ತು ಸಂಜೆಯೊಳಗೆ ಹೇಳು, ಯಾವುದಾದರೂ ಸರಿ, ಪ್ರಬಂಧದಲ್ಲಿ ನನ್ನ ಹೆಸರೂ ಇರುತ್ತದೆ, ಎಂದು ಬರೆದಿದ್ದರು ಪುಣ್ಯಾತ್ಮ.

ಹತ್ತು ಗಂಟೆಯ ಬಸ್ಸಿನಲ್ಲಿ ಅಪ್ಪ ಜುಂಜಣ್ಣನ ಪಕ್ಕ ಕೂತಾಗಲೂ ಅದೇ ಯೋಚನೆ. ಕಾಲಡಿ ಎರಡು ಚೀಲ ಉಣ್ಣೆ. ವರ್ಷಕ್ಕೊಮ್ಮೆ ಕುರಿ ಕತ್ತರಿಸಿದ ಮೇಲೆ ಅಪ್ಪ ಉಣ್ಣೆ ಚೀಲ ಹೊತ್ತುಕೊಂಡು ಚಿತ್ರದುರ್ಗದ ಮಂಡಿಗೆ ಹೋಗುವುದು ಪದ್ಧತಿ, ಒಬ್ಬನೇ ಹೋಗುವುದೂ ಪದ್ಧತಿ. ಈ ಸಲ ಮೊಣಕಾಲು ಊದಿಕೊಂಡು ಮೆಟ್ಟಿಲು ಹತ್ತಲಾರದ ಸ್ಥಿತಿ, ಆದರೂ ಮಗಳು ಜೊತೆಗೆ ಬರುತ್ತೇನೆಂದಾಗ ಬ್ಯಾಡವ್ವ, ನಿನ್ ಓದು ನೋಡ್ಕ ಎಂದು ನಾಲ್ಕು ಸಲ ಹೇಳಿದ. ಮೂವತ್ತಾರು ವರ್ಷವಾದರೂ ಅಪ್ಪನ ಪಾಲಿಗೆ ಅವಳು ಮಾಡುವುದೆಲ್ಲ ಓದೇ. ಚಿತ್ರದುರ್ಗದಲ್ಲಿ ನೆಟ್ಟು ಚೆನ್ನಾಗಿ ಸಿಗುತ್ತದೆ, ನನಗೂ ಕೆಲಸವಿದೆ ಎಂದು ಅವಳು ಹಟ ಹಿಡಿದಳು. ಕಂಡಕ್ಟರು ಚೀಲಕ್ಕೆ ಕಾಲು ತಾಗಿಸಿ ಎಷ್ಟು ಕುರೀದಜ್ಜ ಇದು ಎಂದು ಕೇಳಿದ. ಅಪ್ಪ ಕಿಟಕಿಯ ಕಡೆಗೆ ತಿರುಗಿ, ಅವೆ ಕಣಪ್ಪ, ಎಂದ. ಅಷ್ಟೇ. ಹುಟ್ಟಿದಾಗಿಂದ ಚಿತ್ರಾ ಕೇಳಿದ್ದು ಇದನ್ನೇ. ಕುರಿ ಎಣಿಸಬಾರದು, ಎಣಿಸಿದವನ ಹಿಂಡು ಎಣಿಕೆಗೆ ನಿಲ್ಲುವುದಿಲ್ಲ. ಸಂಜೆ ಕುರಿ ಕೂಡುವ ರೊಪ್ಪದ ಬಾಗಿಲಲ್ಲಿ ನಿಂತು ಅಪ್ಪ ಒಂದೊಂದರ ಮೋರೆ ನೋಡಿಯೇ ಒಳಗೆ ಬಿಡುತ್ತಿದ್ದ. ಒಂದು ಇಲ್ಲವೆಂದರೆ ಇಲ್ಲದ್ದು ಯಾವುದೆಂದು ಹೆಸರು ಹಿಡಿದು ಹೇಳುತ್ತಿದ್ದನೇ ಹೊರತು ಒಂದು ಕಡಿಮೆ ಎಂದು ಹೇಳುತ್ತಿರಲಿಲ್ಲ. ಆ ರಾತ್ರಿ ರೊಪ್ಪದ ಮುಳ್ಳುಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಒಂದು ಕುರಿ ನುಸುಳುವಷ್ಟು ಸಂದು ಬಿಟ್ಟು ಅಲ್ಲೇ ಅಡ್ಡ ಮಲಗುತ್ತಿದ್ದ. ಎಂಟನೇ ಕ್ಲಾಸಿನಲ್ಲಿದ್ದಾಗ ಅವಳೊಮ್ಮೆ ಬೆರಳು ಮಡಚಿ ಎಣಿಸಲು ಹೋಗಿ ಅಕ್ಕನ ಕೈಯಲ್ಲಿ ಫಟಾರೆಂದು ತಿಂದಿದ್ದಳು. ಹೊಡೆದ ಮೇಲೆ ಅಕ್ಕನೇ ಅತ್ತಿದ್ದು.

ಅಕ್ಕ ಮುದ್ದಕ್ಕ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಕುರಿ ಹಿಂದೆ ಹೋದಳು, ಇಬ್ಬರಲ್ಲಿ ಒಬ್ಬಳು ಹೋಗಬೇಕಿತ್ತಲ್ಲ. ಚಿತ್ರಾ ಓದಿದ್ದು ಅವಳ ಕಾಲಿನಿಂದ. ಹೋಗಲಿ, ಇದನ್ನೆಲ್ಲ ಎಷ್ಟು ಸಲ ನೆನೆಯುವುದು. ಉಣ್ಣೆ ಕೊಳ್ಳಲು ಹಟ್ಟಿಗೆ ಬರುತ್ತಿದ್ದ ಚಿತ್ರದುರ್ಗದ ರೌಫ್‌ನ ಜೊತೆ ಮುದ್ದಕ್ಕ ಹೊರಟುಹೋಗಿ ಹನ್ನೊಂದು ವರ್ಷವಾಯಿತು. ಹಗಲು ಹೊತ್ತಿನಲ್ಲೇ ಹೋದಳು, ತಾಳ್ಯದಲ್ಲಿ ಬಸ್ಸು ಹತ್ತಿ. ಹಟ್ಟಿಯ ಹಿರಿಯರು ಕೂಡಿ ಹೆಣ್ಣು ಹುಡುಗರನ್ನು ಓದಿಸಿದ್ದು, ಪೇಟೆಯವರನ್ನು ಒಳಗೆ ಬಿಟ್ಟದ್ದು ಹೆಚ್ಚಾಯಿತು ಎಂದರು. ಓದಿದವಳು ಮನೆಯಲ್ಲೇ ಇದ್ದಳು, ಹೋದವಳು ಓದದವಳು, ಆದರೂ ಅವರ ಕಣ್ಣು ತಿರುಗಿದ್ದು ಚಿತ್ರಾಳ ಮೇಲೆ. ಆಗಷ್ಟೇ ಅವಳಿಗೆ ಪಿಎಚ್‌ಡಿಗೆ ಸೀಟು ಸಿಕ್ಕಿತ್ತು. ಇವಳಿಂದ ನನ್ನ ದಾರಿ ಮುಚ್ಚೀತಲ್ಲ ಎಂಬ ಉರಿಯೊಂದನ್ನು ಬಿಟ್ಟರೆ ಬೇರೇನೂ ಅವಳಿಗೆ ಆ ನಾಲ್ಕು ತಿಂಗಳು ಕಾಣಲಿಲ್ಲ. ಆಮೇಲೆ ಆ ದಿನ ಬಂತು. ರೇಷನ್ ಕಾರ್ಡು ಹೊಸದು ಮಾಡಲು ಗುಮಾಸ್ತ ಬಂದು ಶಾಲೆಯ ಪಡಸಾಲೆಯಲ್ಲಿ ಬೆರಳಚ್ಚಿನ ಯಂತ್ರ ಇಟ್ಟುಕೊಂಡು ಕೂತಿದ್ದ. ಮನೇಲಿ ಎಷ್ಟು ಜನ ಎಂದು ಕೇಳಿದ. ಅದೀವಿ ಸ್ವಾಮಿ, ಎಂದ ಅಪ್ಪ. ಅದೀವಿ ಅಂದ್ರೆ ಎಷ್ಟು ಅಂತ ಬರ್ಕಳ್ಳಿ ಯಜಮಾನ್ರೆ ಎಂದು ಗುಮಾಸ್ತ ನಕ್ಕ, ಸಾಲಿನಲ್ಲಿದ್ದವರೂ ನಕ್ಕರು. ಅಪ್ಪ ಮತ್ತೆ ಅದೀವಿ ಎಂದ. ಎಂಎಸ್ಸಿ ಪಾಸಾದ ಮಗಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮುಂದೆ ಬಂದು, ಮೂರು ಜನ ಸಾರ್, ಮುದ್ದಕ್ಕ ಅಂತ ಒಂದು ಹೆಸರೈತೆ ನೋಡಿ, ಅದನ್ನ ತೆಗೀರಿ, ಎಂದಳು.

ಹೀಗೆ ತೆಗೆಸಿದ್ದು ಅವಳು. ಹಿರಿಯರಲ್ಲ, ಅಪ್ಪ ಅಲ್ಲ, ಅವ್ವ ಕ್ಯಾತಮ್ಮ ಅಲ್ಲ. ಗುಮಾಸ್ತ ಒಂದು ಗುಂಡಿ ಒತ್ತಿದ, ಹೋಯಿತು. ಅಪ್ಪ ಹೆಬ್ಬೆಟ್ಟು ಒತ್ತಿ, ಅದಕ್ಕೆ ಮಸಿ ಹತ್ತಿರಬಹುದೆಂದು ಪಂಚೆಗೆ ಒರೆಸಿಕೊಂಡ. ಯಂತ್ರದಲ್ಲಿ ಮಸಿ ಇರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಂದಿನಿಂದ ಮನೆಯಲ್ಲಿ ಮುದ್ದಕ್ಕನ ಹೆಸರು ಯಾರ ಬಾಯಲ್ಲೂ ಬರಲಿಲ್ಲ, ಮೊದಮೊದಲು ಚಿತ್ರಾಳಿಗೆ ಅದು ನೆಮ್ಮದಿಯೆನಿಸಿತ್ತು. ಬರಬರುತ್ತ ಹೆಸರು ಆಡಬೇಕೆಂದು ಬಾಯಿ ತುದಿಗೆ ಬಂದರೂ, ತಾನು ಎತ್ತಿದರೆ ಮುದುಕರ ಗಾಯ ಕೆದಕಿದಂತಾಗುತ್ತದೆಂದು ನುಂಗಿಕೊಂಡಳು. ಈಗ ಮೂವತ್ತಾರು. ಪರೀಕ್ಷೆಯ ಮೇಲ್ವಿಚಾರಣೆ ಮಾಡುತ್ತ ನಿಂತಾಗ, ಕಪ್ಪು ಪರದೆಯಲ್ಲಿ ಹಳ್ಳಿ ಬಸ್ಸಿನಂತೆ ಕುಂಟುವ ಅಂಕಿಗಳನ್ನು ನೋಡುತ್ತ ಕೂತಾಗ, ಅಕ್ಕನ ಅಂಗೈ ಬೆನ್ನ ಮೇಲೆ ಬಿದ್ದಂತಾಗುತ್ತದೆ, ಉಣ್ಣೆಯ ಜಿಡ್ಡು ವಾಸನೆಯ ಸಮೇತ. ಯಾರಿಗೂ ಹೇಳಿಲ್ಲ, ಆದರೆ ಅವಳಿಗೆ ಅಕ್ಕ ಬೇಕಾಗಿತ್ತು. ಬೇಕು ಎಂದರೆ ಬೇಕು, ಅದಕ್ಕೆ ಬೇರೆ ಮಾತಿಲ್ಲ. ಚಿತ್ರದುರ್ಗಕ್ಕೆ ಎಷ್ಟೋ ಸಲ ಬಂದಿದ್ದಾಳೆ, ರೌಫ್‌ನ ಕಂಬಳಿ ಅಂಗಡಿ ಇರುವ ಬೀದಿ ಯಾವುದೆಂದು ಗೊತ್ತು, ಗೊತ್ತಿರುವುದರಿಂದಲೇ ಆ ಬೀದಿಯನ್ನು ತಪ್ಪಿಸಿ ಹನ್ನೊಂದು ವರ್ಷ ಸುತ್ತು ಹಾಕಿ ನಡೆದಿದ್ದಾಳೆ.

ಬಸ್ಸಿಳಿದು ಒಂದು ಚಹಾದಂಗಡಿ ಮುಂದೆ ಅಪ್ಪ ಚೀಲ ಇಳಿಸಿದ. ಎರಡೂ ಒಟ್ಟಿಗೆ ಹೊರಲಾಗುವುದಿಲ್ಲ, ಒಂದನ್ನು ಮಂಡಿಗೆ ಹಾಕಿ ಬರುತ್ತೇನೆ, ಆಮೇಲೆ ಇನ್ನೊಂದು, ನೀನು ಇಲ್ಲೇ ನೆಟ್ಟು ನೋಡ್ತಿರು ಎಂದ. ನಾನೇ ಹೊರುತ್ತೇನೆಂದರೆ ಕೇಳಲಿಲ್ಲ. ಊದಿದ ಕಾಲು ಎಳೆಯುತ್ತ, ಚೀಲವನ್ನು ಹೆಗಲಿಗೇರಿಸಿಕೊಂಡು ಹೋದವನ ನಡಿಗೆಯಲ್ಲಿ ಅವಸರವಿತ್ತು, ಮಂಡಿಗೆ ಹೋಗುವವರಿಗೆ ಇರದಂಥ ಅವಸರ. ಅದು ಅವಳಿಗೆ ಹೊಳೆದದ್ದು ಆಮೇಲೆ. ಬೆಂಚಿನ ಮೇಲೆ ಕೂತು ಫೋನಿನಿಂದಲೇ ಯಂತ್ರದ ಒಳಗೆ ಹೊಕ್ಕಳು. ಎಲ್ಲ ಸುಸೂತ್ರ ಓಡುತ್ತಿತ್ತು. ಬೆಳಿಗ್ಗೆಯಿಂದ ಇಪ್ಪತ್ತೇಳು ನಕ್ಷತ್ರ ಎಲ್ಲೆ ದಾಟಿದ್ದವು, ಯಂತ್ರ ಇಪ್ಪತ್ತೇಳನ್ನೂ ತೆಗೆದು ಚೊಕ್ಕ ಮಾಡಿತ್ತು. ಮೇಷ್ಟ್ರಿಗೆ ಬರೆಯತೊಡಗಿದಳು. ಗುಚ್ಛದ ಆಯುಸ್ಸಿನ ಪ್ರಶ್ನೆಗೆ ಹೊರಗೆ ಹೋದವುಗಳಿಂದ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ, ಆದ್ದರಿಂದ ಇದ್ದದ್ದನ್ನೇ ಮುಗಿಸುವುದು ಒಳಿತು. ಸುಳ್ಳೇನಲ್ಲ ಅದು. ಅಂಕಿಗಳು ಅವಳ ಪರವಾಗಿಯೇ ಇವೆ. ಓದಿಕೊಂಡಳು, ಅಳಿಸಿದಳು, ಮತ್ತೆ ಅದನ್ನೇ ಬರೆದಳು. ಅರ್ಧ ಗಂಟೆಯಾದರೂ ಅಪ್ಪ ಬರಲಿಲ್ಲ. ಮೊಣಕಾಲು ನೋವಿನ ಮನುಷ್ಯ ಎಲ್ಲಾದರೂ ಬಿದ್ದನೋ ಎಂದು ದಿಗಿಲಾಗಿ, ಮಂಡಿಗೆ ಯಾವ ದಾರಿ ಎಂದು ಚಹಾದವನನ್ನು ಕೇಳಿದಳು. ಅವನು ಲೋಟ ತೊಳೆಯುತ್ತ, ಉಣ್ಣೆ ಅಜ್ಜನಾ, ಅವ್ರು ಮಂಡಿಗೆ ಯಾಕೆ ಹೋಗ್ತಾರೆ, ವರ್ಷ ವರ್ಷಾನೂ ನನ್ನ ಹತ್ರಾನೇ ಚಹಾ ಕುಡ್ದು ಅಳಿಯನ ಅಂಗಡಿಗೆ ಹೋಗೋದು, ರೌಫ್ ಸಾಬ್ರ ಅಂಗಡಿ, ಅಗೋ ಆ ತಿರುವಿನಾಗೆ, ಎಂದ.

ಅವಳಿಗೆ ಮೊದಲು ಅನಿಸಿದ್ದು ಸಂತೋಷವಲ್ಲ, ಅವಮಾನ. ಲೋಟ ತೊಳೆಯುವವನಿಗೂ ಗೊತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂದು ಜನ ಆಡಿಕೊಳ್ಳುತ್ತಾರಲ್ಲ, ಅವಳದ್ದು ಅದಕ್ಕಿಂತ ಕಡೆ, ಹುಡುಕಿಯೂ ಇರಲಿಲ್ಲ. ಉಳಿದ ಚೀಲ ಎತ್ತಿ ತೋಳಿಗೆ ಹಾಕಿಕೊಂಡಳು. ಇಷ್ಟು ವರ್ಷ ತಪ್ಪಿಸಿ ನಡೆದ ಬೀದಿಗೆ ಕಾಲಿಟ್ಟಳು. ಅವ್ವ ವರ್ಷಕ್ಕೊಂದು ಸಲ ಹೊಸದುರ್ಗದ ಕಡೆಯ ಬಸ್ಸು ಹತ್ತಿ ಹಾಲುರಾಮೇಶ್ವರದ ಗುಡಿಗೆಂದು ಹೋಗುವುದು, ಹೋಗುವಾಗ ಬುತ್ತಿ ಗಂಟು ದೊಡ್ಡದು ಮಾಡಿಕೊಳ್ಳುವುದು, ನಾನೂ ಬರುತ್ತೇನೆಂದರೆ ನಿನಗೆ ಕಾಲೇಜೈತಲ್ಲವ್ವ ಎನ್ನುವುದು, ಎಲ್ಲವೂ ಆ ಬೀದಿಯ ಇಪ್ಪತ್ತು ಹೆಜ್ಜೆಯಲ್ಲಿ ಒಂದೊಂದಾಗಿ ಬಂದು ಅವಳ ಮುಂದೆ ನಿಂತವು.

ಅಂಗಡಿಯ ಕಟ್ಟೆಯ ಮೇಲೆ ಅಪ್ಪ ಚಪ್ಪಲಿ ಬಿಟ್ಟು, ಊದಿದ ಕಾಲು ಚಾಚಿಕೊಂಡು ಕೂತಿದ್ದ, ತಮ್ಮ ಮನೆಯಲ್ಲೂ ಹಾಗೆ ಕೂತದ್ದನ್ನು ಅವಳು ಕಂಡಿರಲಿಲ್ಲ. ಒಳಗೆ ಕಂಬಳಿಯ ಅಟ್ಟಿ, ಹಾಸಿಗೆ ಸುರುಳಿ. ರೌಫ್ ಗಿರಾಕಿಯೊಬ್ಬನಿಗೆ ಕಂಬಳಿ ಬಿಚ್ಚಿ ತೋರಿಸುತ್ತಿದ್ದ, ಗಡ್ಡದಲ್ಲಿ ಬಿಳಿ ಬಂದಿತ್ತು. ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬಳು ನೆಲಕ್ಕೆ ಕೂತು, ಚೀಲ ಬಿಚ್ಚಿ ಉಣ್ಣೆಯೊಳಗೆ ಮೊಣಕೈವರೆಗೆ ಕೈ ಹಾಕಿದ್ದಳು. ಹಿಡಿ ಹಿಡಿ ತೆಗೆದು, ಬೆರಳಲ್ಲಿ ಉಜ್ಜಿ, ಇದು ಬಿಳಿಗಣ್ಣೀದು, ಇದು ಸೊಟ್ಟಗಾಲೀದು, ಇದ್ಯಾರದಪ್ಪ, ಹೊಸದಾ, ಕರಿಮೋರೆ ಮಗಳಿರಬೇಕು, ಅದರವ್ವನ ಉಣ್ಣೆನೂ ಹಿಂಗೇ ಒರಟು ಎನ್ನುತ್ತಿದ್ದಳು. ಅಪ್ಪ ಹೂಂ ಹೂಂ ಎನ್ನುತ್ತಿದ್ದ. ಹನ್ನೊಂದು ವರ್ಷದಲ್ಲಿ ಹಟ್ಟಿಯಲ್ಲಿ ಹುಟ್ಟಿದ ಕುರಿಗಳೆಲ್ಲ ಅವಳಿಗೆ ಗೊತ್ತಿದ್ದವು. ಅದೇ ಹಟ್ಟಿಯಲ್ಲಿ ಮಲಗೇಳುವ ಚಿತ್ರಾಳಿಗೆ ಒಂದೂ ಗೊತ್ತಿರಲಿಲ್ಲ.

ಅಪ್ಪ ತಿರುಗಿ ನೋಡಿದ. ಗಾಬರಿಯಾಗಲಿಲ್ಲ, ಕಾಲನ್ನು ಮಾತ್ರ ಒಳಗೆಳೆದುಕೊಂಡ. ಮುದ್ದಕ್ಕ ಕತ್ತೆತ್ತಿದಳು. ಎಷ್ಟು ಹೊತ್ತೋ, ಬೀದಿಯಲ್ಲಿ ಆಟೋ ಒಂದು ಹೋಗುವಷ್ಟು. ಆಮೇಲೆ ಎದ್ದು, ಕೈ ಸೆರಗಿಗೆ ಒರೆಸಿ, ಗಿರಾಕಿಗಳಿಗೆ ಹಾಕುವ ಸ್ಟೂಲನ್ನು ಮುಂದಕ್ಕೆ ಸರಿಸಿ, ಒಳಗಿನಿಂದ ನೀರು ತಂದು ಅದರ ಪಕ್ಕ ಇಟ್ಟು, ಮತ್ತೆ ಹೋಗಿ ಉಣ್ಣೆಯ ಮುಂದೆ ಕೂತಳು. ಚಿತ್ರಾ ಸ್ಟೂಲಿನ ಮೇಲೆ ಕೂತಳು, ಇನ್ನೇನು ಮಾಡುವುದು, ಕೂರುವುದಕ್ಕೆ ಕೊಟ್ಟದ್ದು ಅದನ್ನೇ. ಚೀಲ ತೊಡೆಯ ಮೇಲೇ ಇತ್ತು. ಅಪ್ಪನನ್ನು, ಎಷ್ಟು ದಿನದಿಂದ ಎಂದು ಕೇಳಿದಳು. ಎಷ್ಟು ದಿನ ಅಂದ್ರೆ, ಬಿಟ್ಟಿದ್ರೆ ತಾನೆ ದಿನ ಹಿಡಿಯೋದು, ಎಂದ ಅಪ್ಪ.

"ನನಗೆ ಯಾಕಪ್ಪಾ ಹೇಳ್ಲಿಲ್ಲ?"

ಜುಂಜಣ್ಣ ಎಲೆ ಅಡಿಕೆಯ ಸಂಚಿ ಬಿಚ್ಚಿದ, ಮತ್ತೆ ಕಟ್ಟಿದ. ಹೇಳಬಾರದೆಂದು ಹನ್ನೊಂದು ವರ್ಷ ಇಟ್ಟುಕೊಂಡ ಮಾತು ಅವನಿಗೂ ಭಾರವಾಗಿತ್ತೆಂದು ಕಾಣುತ್ತದೆ, ಬೈಗುಳವಿಲ್ಲದೆ, ಮೆತ್ತಗೆ ಬಂತು.

"ನೀನು ಎಣ್ಸೋಳು ಕಣವ್ವ."

ಕೇಳಿ ಅವಳು ಚೀಲವನ್ನು ಇನ್ನಷ್ಟು ಅವುಚಿಕೊಂಡಳು. ಅಳು ಬರಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತು. ತಾನು ಒಬ್ಬಳನ್ನು ಹೊರಗೆ ಹಾಕಿದ್ದೇನೆಂದು ಇಷ್ಟು ವರ್ಷ ಹಲುಬಿದ್ದಳಲ್ಲ, ಯಾರೂ ಹೊರಗೆ ಹೋಗಿಯೇ ಇರಲಿಲ್ಲ. ಅಪ್ಪ, ಅವ್ವ, ಅಕ್ಕ ಎಲ್ಲ ಒಂದೇ ದಾರಿಯಲ್ಲಿ ಹಿಂದೆ ಮುಂದೆ ನಡೆದುಕೊಂಡೇ ಇದ್ದರು. ಆ ದಾರಿಯಲ್ಲಿ ಇಲ್ಲದವಳು ಅವಳೊಬ್ಬಳೇ. ಆಗ ಫೋನು ರಿಂಗಾಯಿತು. ಸಂಜೆಯವರೆಗೆ ತಾಳ್ಮೆಯಿಲ್ಲದ ರೇವಣಸಿದ್ದಪ್ಪ ಮೇಷ್ಟ್ರು. ಎತ್ತದೆ ಬಿಡಬಹುದಿತ್ತು, ಎತ್ತಿದಳು. ಏನು ನಿರ್ಧಾರ ಎಂದರು ಅವರು, ಅವರ ದನಿ ಅಂಗಡಿಗೆಲ್ಲ ಕೇಳುತ್ತಿತ್ತು. ಚಿತ್ರಾ ಅಕ್ಕನ ಕೈಯನ್ನೇ ನೋಡುತ್ತಿದ್ದಳು.

"ತೆಗೆಯೋ ಸಾಲು ಬರ್ದಿದ್ದು ನಾನೇ ಸಾರ್. ನಿಲ್ಲಿಸ್ತೀನಿ. ಮೊದಲಿಂದ ಓಡಿಸ್ತೀನಿ, ಒಂದನ್ನೂ ತೆಗೆಯಲ್ಲ."

ಸಂದರ್ಶನದ ಗತಿ ಎಂದು ಕೇಳಿದರು. ಮುಂದಿನ ಸಲ ನೋಡೋಣ ಎಂದಳು. ಮೇಷ್ಟ್ರು, ಆಗಲಿ, ಆ ಸಾಲು ನಾನೂ ನೋಡಿ ಒಪ್ಪಿದ್ದೆ, ನೆನಪೈತೆ ನಂಗೆ, ಎಂದು ಇಟ್ಟುಬಿಟ್ಟರು. ಅವಳು ಅಲ್ಲೇ, ಸ್ಟೂಲಿನ ಮೇಲೆ ಕೂತಂತೆಯೇ, ಯಂತ್ರಕ್ಕೆ ಎರಡು ಅಕ್ಷರದ ಆಜ್ಞೆ ಕಳಿಸಿದಳು. ಐದು ವಾರ ಸುತ್ತಿದ್ದ ನಕ್ಷತ್ರಗಳು ಎಲ್ಲಿದ್ದವೋ ಅಲ್ಲಿ ನಿಂತವು. ಯಾರ ಮುಖದಲ್ಲೂ ಏನೂ ಬದಲಾಗಲಿಲ್ಲ, ಗಿರಾಕಿ ಕಂಬಳಿಯ ಅಂಚು ಹಿಡಿದು ನೋಡುತ್ತಿದ್ದ. ಇದರಿಂದ ಅಕ್ಕನಿಗೆ ಏನಾಗಬೇಕು, ಅವಳಿಗೆ ಇದರ ತಲೆಬುಡ ತಿಳಿಯುತ್ತದೆಯೇ ಎಂದು ತನ್ನ ಮೇಲೇ ಸಿಟ್ಟು ಬಂತು.

ಒಳಗಿನ ಪರದೆಯ ಸಂದಿನಿಂದ ಹತ್ತು ವರ್ಷದ ಹುಡುಗಿಯೊಂದು ಬಂದು ಮುದ್ದಕ್ಕನ ಭುಜಕ್ಕೆ ಒರಗಿ ನಿಂತಿತು. ಮುದ್ದಕ್ಕನದೇ ಹಣೆ, ರೌಫ್‌ನ ಮೂಗು. ಅರ್ಫಾ ಎಂದು ಅಪ್ಪ ಹೇಳಿದ, ಯಾರಿಗೆ ಹೇಳಿದನೋ. ಹುಡುಗಿ ಚಿತ್ರಾಳನ್ನು ಮೇಲಿಂದ ಕೆಳಗೆ ನೋಡಿ, ಅಮ್ಮಿ, ಇವ್ರೇನಾ ಆಕಾಶದ್ದು ನೋಡೋ ಚಿಕ್ಕವ್ವ ಎಂದು ಕೇಳಿತು. ಮುದ್ದಕ್ಕ ಉಣ್ಣೆಯಿಂದ ತಲೆ ಎತ್ತದೆ, ಹೂಂ, ಎಂದಳು. ಈ ಮನೆಯಲ್ಲಿ ಅವಳ ಸುದ್ದಿ ಆಡುತ್ತಿದ್ದರು. ಆಕಾಶದ್ದು ನೋಡುವ ಚಿಕ್ಕವ್ವ ಒಬ್ಬಳಿದ್ದಾಳೆಂದು ಮಗುವಿಗೆ ಯಾರೋ ಹೇಳಿ ಹೇಳಿ ಬೆಳೆಸಿದ್ದರು. ಹುಡುಗಿ ಹತ್ತಿರ ಬಂದು ಫೋನಿನೊಳಗೆ ಇಣುಕಿತು.

"ಇದರಾಗೆ ನಕ್ಷತ್ರ ಅವೆಯಾ? ಎಷ್ಟವೆ ಚಿಕ್ಕವ್ವಾ?"

ಒಂದು ಲಕ್ಷದ ಮೂವತ್ತೊಂದು ಸಾವಿರದ ಎಪ್ಪತ್ತೆರಡು ನಾಲಿಗೆಯ ಮೇಲೆ ಬಂದು ನಿಂತಿತು. ಎಂಟು ವರ್ಷ ಯಾರು ಕೇಳಿದರೂ, ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ ಅಂಕಿ. ಅಪ್ಪ ಬೀದಿಯ ಕಡೆಗೆ ತಿರುಗಿಕೊಂಡ. ಮುದ್ದಕ್ಕನ ಬೆರಳು ಉಣ್ಣೆಯಲ್ಲಿ ಆಡುವುದು ನಿಂತಿತು.

"ಅವೆ," ಎಂದಳು ಚಿತ್ರಾ.

ಅವೆ ಅಂದ್ರೆ ಎಷ್ಟು ಎಂದು ಹುಡುಗಿ ಬಿಡಲಿಲ್ಲ. ಅವೆ ಕಣವ್ವ ಎಂದು ಚಿತ್ರಾ ಮತ್ತೆ ಹೇಳಿದಳು. ಮುದ್ದಕ್ಕ ಎದ್ದು ಬರಲಿಲ್ಲ, ಅಪ್ಪಿಕೊಳ್ಳಲಿಲ್ಲ, ಅಂಥದೇನೂ ಆಗಲಿಲ್ಲ. ಕೂತಲ್ಲಿಂದಲೇ ಕೈ ಚಾಚಿ ತಂಗಿಯ ತೊಡೆಯ ಮೇಲಿದ್ದ ಚೀಲದ ಮೂತಿ ಹಿಡಿದು ಎಳೆದಳು. ಚಿತ್ರಾ ಬಿಡಲಿಲ್ಲ, ಬಿಡಬೇಕೆಂದು ಹೊಳೆಯಲಿಲ್ಲ, ಚೀಲದ ಜೊತೆಗೆ ಸ್ಟೂಲಿನಿಂದ ಕೆಳಗಿಳಿದು ನೆಲಕ್ಕೆ ಬಂದಳು. ಮುದ್ದಕ್ಕ ಒಂದು ಹಿಡಿ ಉಣ್ಣೆ ತೆಗೆದು ಅವಳ ಅಂಗೈಗೆ ಒತ್ತಿ, ಇದ್ಯಾರದು ಹೇಳು, ಎಂದಳು. ಚಿತ್ರಾ ಬೆರಳಲ್ಲಿ ಉಜ್ಜಿದಳು, ಮೂಗಿಗೆ ಹಿಡಿದಳು. ಜಿಡ್ಡು, ಧೂಳು, ಒಣಹುಲ್ಲಿನ ಮುಳ್ಳು. ಗೊತ್ತಾಗಲಿಲ್ಲ. ನಂಗೊತ್ತಿಲ್ಲ ಅಕ್ಕ, ಎಂದಳು. ಅಕ್ಕ ಎಂಬುದು ಬಾಯಿಂದ ಹೊರಬಂದು ಹನ್ನೊಂದು ವರ್ಷವಾಗಿತ್ತು.

"ಹಂಗಾದ್ರೆ ಮುಳ್ಳು ಆರ್ಸು," ಎಂದಳು ಮುದ್ದಕ್ಕ, ಮತ್ತೆ ಚೀಲವನ್ನು ಇಬ್ಬರ ನಡುವೆ ಸರಿಸಿದಳು.